ಅಪ್ಪಟ ಜೇನಿನ ಹುಡುಕಾಟ: ಒಂದು ಸಣ್ಣ ಚರಿತ್ರೆ

ಕನ್ನಡದಲ್ಲಿ ಜೇನು ಎಂದರೆ ಹುಳುವೂ ಹೌದು, ಅದು ಕೂಡಿಟ್ಟ ಸಿಹಿಯೂ ಹೌದು. ತಮಿಳರ ‘ತೇನ್’, ತೆಲುಗರ ‘ತೇನೆ’ ಇದೇ ಬಳ್ಳಿಯ ಹೂಗಳು. ಆದರೆ ನಾವು ಆ ಸಿಹಿಯನ್ನು ಬೇರೆಯಾಗಿ ಹೇಳಬೇಕಾದಾಗ ‘ಜೇನುತುಪ್ಪ’ ಎನ್ನುತ್ತೇವೆ. ಹಸುವಿನ ಕಡೆಯಿಂದ ಬಂದದ್ದೂ ತುಪ್ಪ, ಹುಳುವಿನ ಕಡೆಯಿಂದ ಬಂದದ್ದೂ ತುಪ್ಪ. ಈ ಎರಡು ತುಪ್ಪಗಳ ಹಣೆಬರಹದಲ್ಲೂ ಒಂದು ಹೋಲಿಕೆಯಿದೆ. ಎರಡನ್ನೂ ಕೊಳ್ಳುವಾಗ ಕೇಳುವ ಮೊದಲ ಪ್ರಶ್ನೆ, ‘ಶುದ್ಧವಾದದ್ದು ತಾನೇ?’ ಅಕ್ಕಿ ಕೊಳ್ಳುವಾಗ ಹಳೆಯದೋ ಹೊಸದೋ ಎಂದು ಕೇಳುತ್ತೇವೆ, ಬೆಲ್ಲ ಕೊಳ್ಳುವಾಗ ಮುರಿದು ನೋಡುತ್ತೇವೆ. ಜೇನುತುಪ್ಪದ ಮುಂದೆ ನಿಂತಾಗ ಮಾತ್ರ ನಾವೆಲ್ಲರೂ ಪತ್ತೇದಾರರಾಗಿಬಿಡುತ್ತೇವೆ.

ಈ ಅನುಮಾನ ಎಷ್ಟು ಹಳೆಯದು, ಎಲ್ಲಿಂದ ಬಂತು ಎಂಬ ಕುತೂಹಲದಿಂದ ನಾನು ಜೇನಿನ ಚರಿತ್ರೆಯ ಬೆನ್ನುಹತ್ತಿದೆ. ಹೋದಷ್ಟೂ ಸ್ಪಷ್ಟವಾದ ಸಂಗತಿಯೆಂದರೆ, ‘ಶುದ್ಧ’ ಎಂಬ ಮಾತಿನ ಅರ್ಥವೇ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ.

ನಮ್ಮ ಹಳೆಯ ವೈದ್ಯಗ್ರಂಥಗಳನ್ನೇ ನೋಡಿ. ಚರಕಸಂಹಿತೆ ಜೇನುತುಪ್ಪದಲ್ಲಿ ನಾಲ್ಕು ಬಗೆಗಳನ್ನು ಹೇಳುತ್ತದೆ: ಮಾಕ್ಷಿಕ, ಭ್ರಾಮರ, ಕ್ಷೌದ್ರ, ಪೌತ್ತಿಕ. ಸುಶ್ರುತ ಸಂಹಿತೆ ಇವಕ್ಕೆ ಛಾತ್ರ, ಆರ್ಘ್ಯ, ಔದ್ದಾಲಕ, ದಾಲ ಎಂಬ ಇನ್ನೂ ನಾಲ್ಕನ್ನು ಸೇರಿಸಿ ಎಂಟು ಮಾಡುತ್ತದೆ. ಹೊಸ ಜೇನಿಗೆ ಒಂದು ಗುಣ, ಹಳೆಯ ಜೇನಿಗೆ ಇನ್ನೊಂದು. ಕಾಯಿಸಬಾರದು ಎಂಬ ಎಚ್ಚರಿಕೆಯೂ ಅಲ್ಲಿದೆ. ಅಂದರೆ ಆ ವೈದ್ಯರು ಮುಖ್ಯವಾಗಿ ಕೇಳುತ್ತಿದ್ದದ್ದು ‘ಇದು ಯಾವ ಹುಳುವಿನದು, ಎಷ್ಟು ಕಾಲದ್ದು, ಬೆಂಕಿಗೆ ತೋರಿಸಿದ್ದೋ ಅಲ್ಲವೋ’ ಎಂದು. ನಮ್ಮ ಕಾಡಿನವರ ಲೆಕ್ಕವೂ ಹೀಗೆಯೇ. ಎತ್ತರದ ಮರದಲ್ಲೋ ಬಂಡೆಯಲ್ಲೋ ದೊಡ್ಡ ಎರಿ ಕಟ್ಟುವ ಹೆಜ್ಜೇನು, ಪೊಟರೆಯಲ್ಲಿ ಸಾಲು ಸಾಲಾಗಿ ಎರಿ ಕಟ್ಟುವ ತುಡುವೆ, ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವ ಕೋಲುಜೇನು, ಚುಚ್ಚಲಾರದ ಪುಟ್ಟ ಮುಜಂಟಿ ಜೇನು. ನಾಲ್ಕರ ತುಪ್ಪವೂ ನಾಲ್ಕು ರುಚಿ, ನಾಲ್ಕು ಬೆಲೆ.

ಹಾಗೆಂದು ಆಗ ಬೆರಕೆಯೇ ಇರಲಿಲ್ಲ ಎನ್ನುವಂತಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಧಾನ್ಯ, ಎಣ್ಣೆ, ಕ್ಷಾರ, ಉಪ್ಪು, ಗಂಧ, ಔಷಧಗಳಿಗೆ ಕೀಳು ಪದಾರ್ಥ ಬೆರೆಸಿದವನಿಗೆ 12 ಪಣ ದಂಡ ಎಂದಿದೆ. ಅದೇ ಗ್ರಂಥ ಉಗ್ರಾಣದ ಅಧ್ಯಕ್ಷನ ಕೆಲಸ ಹೇಳುವಾಗ ಬೆಲ್ಲ, ಸಕ್ಕರೆಗಳನ್ನು ಒಂದು ಗುಂಪಿಗೆ ಹಾಕಿ, ಜೇನನ್ನೂ ದ್ರಾಕ್ಷಿಯ ರಸವನ್ನೂ ‘ಮಧು’ ಎಂಬ ಬೇರೆ ಗುಂಪಿಗೆ ಹಾಕುತ್ತದೆ. ಬೆಲ್ಲ ಬೇರೆ, ಜೇನು ಬೇರೆ ಎಂದು ರಾಜನ ಲೆಕ್ಕದ ಪುಸ್ತಕವೇ ಗೆರೆ ಎಳೆದಿತ್ತು. ಮುಂದಿನ ಎರಡು ಸಾವಿರ ವರ್ಷಗಳ ಕಥೆ ಆ ಗೆರೆಯನ್ನು ಅಳಿಸುವವರ ಮತ್ತು ಮತ್ತೆ ಎಳೆಯುವವರ ಕಥೆ.

ಗೆರೆ ದೊಡ್ಡ ಪ್ರಮಾಣದಲ್ಲಿ ಅಳಿಸಲು ಮೊದಲಾದದ್ದು 19ನೆಯ ಶತಮಾನದಲ್ಲಿ. 1811ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಗಾಟ್ಲೀಬ್ ಕಿರ್ಖಾಫ್ ಎಂಬ ರಸಾಯನಶಾಸ್ತ್ರಜ್ಞ ಹಿಟ್ಟಿನ ಪಿಷ್ಟವನ್ನು ಗಂಧಕಾಮ್ಲದೊಂದಿಗೆ ಕುದಿಸಿದರೆ ಸಿಹಿಯಾದ ಪಾಕವಾಗುತ್ತದೆಂದು ತೋರಿಸಿದ. ನೆಪೋಲಿಯನ್ನನ ಯುದ್ಧಗಳಿಂದ ಯುರೋಪಿಗೆ ಕಬ್ಬಿನ ಸಕ್ಕರೆ ಬರುವುದು ಕಷ್ಟವಾಗಿದ್ದ ಕಾಲ ಅದು. ಕೆಲವೇ ದಶಕಗಳಲ್ಲಿ ಅಮೆರಿಕದಲ್ಲಿ ಮೆಕ್ಕೆಜೋಳದಿಂದ ‘ಗ್ಲೂಕೋಸ್’ ಎಂಬ ಅಗ್ಗದ ಪಾಕ ಹರಿಯತೊಡಗಿತು. ಬಣ್ಣ ಕಡಿಮೆ, ರುಚಿ ಸಪ್ಪೆ, ನೋಡಲು ಮಾತ್ರ ಜೇನಿನ ತಮ್ಮನಂತೆ.

ಅದೇ ಹೊತ್ತಿಗೆ ಇನ್ನೊಂದು ಯಂತ್ರ ಬಂತು. ಅಲ್ಲಿಯವರೆಗೆ ಜೇನು ತೆಗೆಯುವುದೆಂದರೆ ಎರಿಯನ್ನು ಕಿತ್ತು ಹಿಂಡುವುದು, ಇಲ್ಲವೇ ಎರಿಯನ್ನೇ ಕತ್ತರಿಸಿ ಮಾರುವುದು. 1851ರಲ್ಲಿ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ ಚೌಕಟ್ಟುಗಳನ್ನು ಎತ್ತಿ ಇಡಬಹುದಾದ ಜೇನುಪೆಟ್ಟಿಗೆಯನ್ನು ರೂಪಿಸಿದ. 1865ರಲ್ಲಿ ಹ್ರುಷ್ಕಾ ಎಂಬಾತ ಆ ಚೌಕಟ್ಟುಗಳನ್ನು ಗಿರಗಿರನೆ ತಿರುಗಿಸಿ, ಎರಿ ಮುರಿಯದೆ ತುಪ್ಪ ತೆಗೆಯುವ ಯಂತ್ರವನ್ನು ಜನರ ಮುಂದಿಟ್ಟ. ಮೇಣದ ಚೂರಿಲ್ಲದ, ಮರಿಹುಳುವಿನ ರಸವಿಲ್ಲದ ತಿಳಿಜೇನು ಸೀಸೆಗೆ ಬಂತು. ಆದರೆ ಎರಿ ಹೋಯಿತು, ಎರಿಯೊಂದಿಗೆ ಸಾಕ್ಷಿಯೂ ಹೋಯಿತು. ಎರಿಯನ್ನು ಕಂಡು ನಂಬುತ್ತಿದ್ದ ಗಿರಾಕಿ ಸೀಸೆಯನ್ನು ನೋಡಿ ಹುಬ್ಬುಗಂಟಿಕ್ಕಿದ. ವ್ಯಾಪಾರಿಗಳು ಅವನ ಸಮಾಧಾನಕ್ಕೆ ಸೀಸೆಯೊಳಗೆ ಒಂದು ತುಂಡು ಎರಿ ಹಾಕಿದರು, ಸುತ್ತಲೂ ಗ್ಲೂಕೋಸ್ ಪಾಕ ತುಂಬಿದರು.

ಇದನ್ನು ಓದಿದಾಗ ನನಗೆ ಬೆಂಗಳೂರಿನ ಬೀದಿಗಳಲ್ಲಿ ಬಕೆಟ್ ಹಿಡಿದು ‘ಜೇನುತುಪ್ಪಾ’ ಎಂದು ಕೂಗುತ್ತ ಬರುವ ಕೆಲವರು ಕಣ್ಣಮುಂದೆ ಬಂದರು. ಬಕೆಟ್ಟಿನ ಮೇಲೆ ಹುಳುಗಳು ಮುತ್ತಿದ ಎರಿ, ಕೆಳಗೆ ಎಷ್ಟೋ ಸಲ ಬೆಲ್ಲದ ಇಲ್ಲವೇ ಸಕ್ಕರೆಯ ಪಾಕ. ನೂರೈವತ್ತು ವರ್ಷಗಳಾದರೂ ಉಪಾಯ ಬದಲಾಗಿಲ್ಲ.

ಆ ಕಾಲದ ಅನುಮಾನ ಎಷ್ಟು ದಟ್ಟವಾಗಿತ್ತೆಂಬುದಕ್ಕೆ ಒಂದು ಸ್ವಾರಸ್ಯದ ಪ್ರಸಂಗವಿದೆ. 1881ರಲ್ಲಿ ಹಾರ್ವೇ ವೈಲಿ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ಒಂದು ಜನಪ್ರಿಯ ವಿಜ್ಞಾನ ಪತ್ರಿಕೆಯಲ್ಲಿ ಗ್ಲೂಕೋಸಿನ ಬಗ್ಗೆ ಬರೆಯುತ್ತ, ಈಗ ಪ್ಯಾರಫಿನ್ ಮೇಣದಿಂದ ಎರಿಯನ್ನೂ ಯಂತ್ರದಲ್ಲೇ ಮಾಡಿ, ಪಾಕ ತುಂಬಿ, ಮುಚ್ಚಿ ಮಾರುತ್ತಾರೆ ಎಂದ. ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ಅಂಥ ಯಂತ್ರ ಎಲ್ಲಿಯೂ ಇರಲಿಲ್ಲ. ಜೇನು ಸಾಕುವವರು ಸಿಟ್ಟಾದರು. ಒಹಾಯೋದ ಎ. ಐ. ರೂಟ್ ಎಂಬ ಹೆಸರಾಂತ ಜೇನುಗಾರಿಕೆಯ ಉದ್ಯಮಿ, ಯಂತ್ರದಲ್ಲಿ ಮಾಡಿದ ಎರಿಜೇನನ್ನು ತೋರಿಸಿದವರಿಗೆ 1000 ಡಾಲರ್ ಬಹುಮಾನ ಎಂದು ಸಾರಿದ. ಯಾರೂ ಆ ಹಣ ಪಡೆಯಲಿಲ್ಲ. ತಾನು ಬರೆದದ್ದು ತಮಾಷೆಗೆ ಎಂದು ವೈಲಿ ಆಮೇಲೆ ಹೇಳಿಕೊಂಡ. ಆದರೂ ಆ ಮಾತು ದಶಕಗಳ ಕಾಲ ಜನರ ಬಾಯಲ್ಲಿ ಉಳಿಯಿತು. ವಿಚಿತ್ರವೆಂದರೆ, ಅಮೆರಿಕದಲ್ಲಿ ಬೆರಕೆಯ ವಿರುದ್ಧದ 1906ರ ಆಹಾರ ಕಾನೂನು ಬರಲು ಮುಖ್ಯ ಕಾರಣರಾದವರಲ್ಲಿ ಇದೇ ವೈಲಿ ಮೊದಲಿಗ. ಒಂದು ಹುಸಿ ಆರೋಪ ಸಾಚಾ ಉತ್ಪಾದಕರಿಗೆ ಎಷ್ಟು ಪೆಟ್ಟು ಕೊಡಬಲ್ಲದು ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಇನ್ನು ಪ್ರಯೋಗಾಲಯದ ಕಡೆಗೆ ಬರೋಣ. ‘ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ’ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮೊದಲ ಅಸ್ತ್ರ ಬೆಳಕು. ಹೂವಿನ ಜೇನಿನ ದ್ರಾವಣ ಧ್ರುವೀಕೃತ ಬೆಳಕನ್ನು ಎಡಕ್ಕೆ ತಿರುಗಿಸುತ್ತದೆ, ಗ್ಲೂಕೋಸ್ ಪಾಕ ಬಲಕ್ಕೆ. ಕಳ್ಳ ಸಿಕ್ಕಿಬಿದ್ದ. ಆಗ ಬೆರಕೆಯವರು ಸಕ್ಕರೆಯನ್ನು ಆಮ್ಲದಲ್ಲಿ ಒಡೆದು, ಜೇನಿನಲ್ಲಿರುವಂತೆಯೇ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎರಡೂ ಇರುವ ಪಾಕ ಮಾಡಿದರು. ಅದು ಎಡಕ್ಕೇ ತಿರುಗಿಸಿತು. 1908ರ ಹೊತ್ತಿಗೆ ಜರ್ಮನಿಯ ಫೀಹೆ ಎಂಬಾತ ಒಂದು ಬಣ್ಣದ ಪರೀಕ್ಷೆ ಕಂಡುಹಿಡಿದ. ಆಮ್ಲದಲ್ಲಿ ಸಕ್ಕರೆ ಕುದಿಸಿದಾಗ ಹುಟ್ಟುವ ಎಚ್‌ಎಂಎಫ್ ಎಂಬ ವಸ್ತು ಇದ್ದರೆ ಕಡುಗೆಂಪು ಬಣ್ಣ ಬರುತ್ತದೆ. ಈ ಪರೀಕ್ಷೆಯ ಹೆಸರು ನಮ್ಮ ದೇಶದ ಮಾನದಂಡಗಳಲ್ಲೂ ಬಹುಕಾಲ ಇತ್ತು. ಆದರೆ ಜೇನನ್ನು ಜಾಸ್ತಿ ಕಾಯಿಸಿದರೂ, ಬಿಸಿಲಲ್ಲಿ ವರ್ಷಗಟ್ಟಲೆ ಇಟ್ಟರೂ ಇದೇ ವಸ್ತು ಏರುತ್ತದೆ. ಕಾಯಿಸಬೇಡಿ ಎಂದ ಹಳಬರ ಮಾತು ಬೇರೆ ದಾರಿಯಿಂದ ಪ್ರಯೋಗಾಲಯಕ್ಕೆ ಬಂದದ್ದು ಹೀಗೆ.

ಕೈಗಾರಿಕೆ ಆಮ್ಲವನ್ನು ಬಿಟ್ಟು ಕಿಣ್ವಗಳನ್ನು ಹಿಡಿಯಿತು. 1970ರ ದಶಕದ ಹೊತ್ತಿಗೆ ಫ್ರಕ್ಟೋಸ್ ಹೆಚ್ಚಿರುವ ಮೆಕ್ಕೆಜೋಳದ ಪಾಕ ಧಾರಾಳವಾಗಿ ಸಿಗತೊಡಗಿ, ಫೀಹೆಯ ಕೆಂಪು ಬಣ್ಣ ಮಾಯವಾಯಿತು. ಆಗ ಕೈಹಿಡಿದದ್ದು ಸಸ್ಯಶಾಸ್ತ್ರ. ಕಬ್ಬು ಮತ್ತು ಮೆಕ್ಕೆಜೋಳ ಗಾಳಿಯ ಇಂಗಾಲವನ್ನು ಹಿಡಿಯುವ ರೀತಿ ಬಹುಪಾಲು ಹೂಗಿಡಗಳದ್ದಕ್ಕಿಂತ ಬೇರೆ ಎಂಬುದು 1960ರ ದಶಕದಲ್ಲಿ ಗೊತ್ತಾಗಿತ್ತು. ಮೊದಲನೆಯ ಗುಂಪಿಗೆ ಸಿ4 ಎಂದೂ ಎರಡನೆಯದಕ್ಕೆ ಸಿ3 ಎಂದೂ ಹೆಸರು. ಇವುಗಳ ಸಕ್ಕರೆಯಲ್ಲಿ ತುಸು ಭಾರದ ಇಂಗಾಲದ ಪಾಲು ಬೇರೆ ಬೇರೆ. ಇದನ್ನು ಬಳಸಿ ಅಮೆರಿಕದ ಜೋನಾಥನ್ ವೈಟ್ ಮತ್ತು ಜೊತೆಗಾರರು ಜೇನಿನಲ್ಲಿ ಕಬ್ಬು, ಜೋಳದ ಸಕ್ಕರೆ ಬೆರೆತಿದೆಯೇ ಎಂದು ಹೇಳುವ ವಿಧಾನ ರೂಪಿಸಿದರು. ಬೆರಕೆಯವರು ತಲೆ ಕೆರೆದುಕೊಂಡರು. ಸಿ3 ಗುಂಪಿನಲ್ಲೇ ಅಗ್ಗದ ಪಿಷ್ಟ ಯಾವುದಿದೆ? ನಾವು ದಿನವೂ ಉಣ್ಣುವ ಅಕ್ಕಿ. ಅಕ್ಕಿಯ ಪಾಕ ಬಂತು, ಬೀಟ್ ಸಕ್ಕರೆಯ ಪಾಕ ಬಂತು, ಇಂಗಾಲದ ತಕ್ಕಡಿ ಮೂಕವಾಯಿತು.

ಈ ಆಟದ ಇತ್ತೀಚಿನ ಸುತ್ತು ನಮ್ಮ ಮನೆಯಂಗಳದಲ್ಲೇ ನಡೆಯಿತು. 2020ರ ಡಿಸೆಂಬರ್‌ನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 13 ಬ್ರ್ಯಾಂಡುಗಳ ಜೇನನ್ನು ಪರೀಕ್ಷೆಗೆ ಒಳಪಡಿಸಿದ ವರದಿ ಹೊರತಂದಿತು. ಜರ್ಮನಿಯ ಪ್ರಯೋಗಾಲಯದಲ್ಲಿ ಎನ್‌ಎಂಆರ್ ಎಂಬ ಕಾಂತೀಯ ವಿಧಾನದಿಂದಲೂ ನೋಡಿದಾಗ ಎಲ್ಲ ಪರೀಕ್ಷೆಗಳಲ್ಲಿ ಪಾಸಾದದ್ದು ಮೂರೇ ಬ್ರ್ಯಾಂಡು. ಅದಕ್ಕಿಂತ ಮುಖ್ಯವಾಗಿ, ಭಾರತೀಯ ಪರೀಕ್ಷೆಗಳನ್ನು ದಾಟುವಂತೆಯೇ ತಯಾರಿಸಿದ ಪಾಕಗಳು ಮಾರುಕಟ್ಟೆಯಲ್ಲಿವೆ ಎಂದು ಆ ಸಂಸ್ಥೆ ಹೇಳಿತು. ಕಂಪನಿಗಳು ತಮ್ಮ ಜೇನು ಶುದ್ಧವೆಂದೂ ದೇಶದ ಎಲ್ಲ ಮಾನದಂಡಗಳನ್ನು ಪೂರೈಸುತ್ತದೆಂದೂ ಉತ್ತರಿಸಿದವು. ಎರಡೂ ಮಾತು ಒಟ್ಟಿಗೇ ನಿಲ್ಲಲು ಸಾಧ್ಯವಾದದ್ದೇ ಈ ಪ್ರಕರಣದ ತಿರುಳು. ಮಾನದಂಡವನ್ನು ಪೂರೈಸುವುದೂ ಜೇನಾಗಿರುವುದೂ ಒಂದೇ ಅಲ್ಲದ ಕಾಲಕ್ಕೆ ನಾವು ಬಂದಿದ್ದೆವು. ಇದು ನಮ್ಮ ದೇಶದ ರೋಗ ಮಾತ್ರವೆಂದೂ ತಿಳಿಯಬೇಕಿಲ್ಲ. ಯುರೋಪಿಯನ್ ಒಕ್ಕೂಟ ಹೊರಗಿನಿಂದ ತರಿಸಿದ ಜೇನಿನ 320 ಮಾದರಿಗಳನ್ನು ಪರೀಕ್ಷಿಸಿ 2023ರಲ್ಲಿ ಹೊರಬಿದ್ದ ವರದಿಯಲ್ಲಿ 147, ಅಂದರೆ ನೂರಕ್ಕೆ 46ರಷ್ಟು, ಅನುಮಾನಾಸ್ಪದವಾಗಿದ್ದವು.

ಇಷ್ಟೆಲ್ಲ ಆಗುತ್ತಿರುವಾಗ ನಮ್ಮ ಅಡುಗೆಮನೆಯ ಪರೀಕ್ಷೆಗಳ ಗತಿಯೇನು? ನೀರಿನ ಲೋಟಕ್ಕೆ ಬಿಟ್ಟರೆ ನೂಲಿನಂತೆ ತಳಕ್ಕಿಳಿಯಬೇಕು, ಕಾಗದದ ಮೇಲೆ ಹನಿ ಹಾಕಿದರೆ ಒದ್ದೆಯಾಗಬಾರದು, ಬೆಂಕಿಕಡ್ಡಿಯನ್ನು ಅದ್ದಿ ಗೀರಿದರೆ ಹತ್ತಿಕೊಳ್ಳಬೇಕು, ಹೆಬ್ಬೆರಳ ಮೇಲೆ ಹರಡಬಾರದು, ಇರುವೆ ಮುತ್ತಬಾರದು, ನಾಯಿ ಮೂಸಬಾರದು. ಇವನ್ನೆಲ್ಲ ನಾನೂ ಮಾಡಿ ನೋಡಿದ್ದೇನೆ. ಒಂದು ಕಡೆ ಚೆನ್ನಾಗಿ ಏರುಪಾಕಕ್ಕೆ ಬಂದ ಸಕ್ಕರೆ, ಇನ್ನೊಂದು ಕಡೆ ಮಲೆನಾಡಿನ ಗೆಳೆಯರು ತಮ್ಮ ಪೆಟ್ಟಿಗೆಯಿಂದ ನನ್ನೆದುರೇ ತೆಗೆದುಕೊಟ್ಟ ತುಡುವೆ ಜೇನು. ಸಕ್ಕರೆ ಪಾಕ ಗಟ್ಟಿ ನೂಲಾಗಿ ತಳಕ್ಕಿಳಿಯಿತು. ಕಾಗದವನ್ನು ಬೇಗ ಒದ್ದೆ ಮಾಡಿದ್ದು ಜೇನು. ಇರುವೆಗಳು ಎರಡಕ್ಕೂ ಬಂದವು, ಅವಕ್ಕೆ ಸಿಹಿಯಾದರೆ ಸಾಕು.

ಕಾರಣ ಸರಳ. ಇವುಗಳಲ್ಲಿ ಮೊದಲ ನಾಲ್ಕೂ ಅಳೆಯುವುದು ಒಂದನ್ನೇ: ಅದರಲ್ಲಿ ನೀರು ಎಷ್ಟಿದೆ, ಅದು ಎಷ್ಟು ಗಟ್ಟಿ. ಕಾರ್ಖಾನೆಯ ಪಾಕವನ್ನು ಬೇಕಾದಷ್ಟು ಗಟ್ಟಿ ಮಾಡಬಹುದು. ಆದರೆ ಮಳೆಗಾಲಕ್ಕೆ ಹತ್ತಿರದಲ್ಲಿ ಕಿತ್ತ ಹೆಜ್ಜೇನಿನ ತುಪ್ಪ ಸ್ವಭಾವತಃ ತೆಳು. ಅಂತಾರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಸಾಮಾನ್ಯ ಜೇನಿಗೆ ನೂರಕ್ಕೆ 20ರಷ್ಟು ನೀರನ್ನು ಮೇಲ್ಮಿತಿಯಾಗಿಡುತ್ತದೆ. ಯುರೋಪಿನ ಜೇನುಹುಳುವಿನ ತುಪ್ಪಕ್ಕೆ ಅದು ಸಲೀಸು. ನಮ್ಮ ಹೆಜ್ಜೇನು ಮತ್ತು ತುಡುವೆಯ ತುಪ್ಪ ಎಷ್ಟೋ ಸಲ ಆ ಗೆರೆ ದಾಟುತ್ತದೆ. ಹೀಗಾಗಿ ಬೆಂಕಿಕಡ್ಡಿಯ ಪರೀಕ್ಷೆಯಲ್ಲಿ ಸೋಲುವವನು ಕಾಡಿನಿಂದ ತಂದ ಸೋಲಿಗನೋ ಜೇನುಕುರುಬನೋ ಆಗಿರಬಹುದು, ಗೆಲ್ಲುವುದು ಅಕ್ಕಿಯ ಪಾಕವಾಗಿರಬಹುದು. ನಮ್ಮ ಪರೀಕ್ಷೆಗಳಲ್ಲಿರುವ ಈ ಅನ್ಯಾಯ ನನ್ನನ್ನು ಬಹಳ ಕಾಡುತ್ತದೆ. ಮುದ್ರಿತ ಚೀಟಿ ಅಂಟಿಸಿದ ಸೀಸೆಗೆ ನಾವು ಬೆಂಕಿಕಡ್ಡಿ ಗೀರುವುದಿಲ್ಲ. ಗೀರುವುದು ರಸ್ತೆಬದಿಯಲ್ಲಿ ಕೂತವನ ಡಬ್ಬಕ್ಕೆ.

ಇನ್ನೊಂದು ತಪ್ಪು ತಿಳಿವಳಿಕೆ ಹರಳುಗಟ್ಟುವುದರ ಬಗ್ಗೆ. ಸೀಸೆಯ ತಳದಲ್ಲಿ ಬಿಳಿ ಹರಳು ಕಂಡರೆ ‘ಸಕ್ಕರೆ ಬೆರೆಸಿದ್ದಾನೆ’ ಎಂದು ತೀರ್ಪು ಕೊಡುವವರು ಬಹಳ. ಜೇನಿನಲ್ಲಿ ಗ್ಲೂಕೋಸ್ ಜಾಸ್ತಿಯಿದ್ದರೆ ಅದು ಹರಳಾಗುವುದು ಸಹಜ. ಉತ್ತರ ಭಾರತದ ಸಾಸಿವೆ ಹೂವಿನ ಜೇನು ಬೇಗ ಬೆಣ್ಣೆಯಂತಾಗುತ್ತದೆ. ನಮ್ಮ ಕರಾವಳಿಯ ರಬ್ಬರ್ ತೋಟಗಳಲ್ಲಿ ಚಿಗುರೆಲೆಯ ಬುಡದಿಂದ ಒಸರುವ ಸಿಹಿಯನ್ನು ಹೀರಿ ಹುಳುಗಳು ಕೂಡಿಡುವ ಜೇನೂ ಹಾಗೆಯೇ. ನೇರಳೆಯ ಜೇನು ಕಪ್ಪು, ತುಸು ಕಹಿ. ಹೂವು ಬದಲಾದರೆ ಬಣ್ಣ, ರುಚಿ, ದಪ್ಪ ಎಲ್ಲವೂ ಬದಲಾಗಬೇಕು. ವರ್ಷವಿಡೀ ಒಂದೇ ಬಣ್ಣ, ಒಂದೇ ರುಚಿ ಕೊಡುವ ಸೀಸೆಯಲ್ಲಿ ಬೆರಕೆ ಇರಲೇಬೇಕೆಂದಿಲ್ಲ. ಹಲವು ಊರಿನ ಜೇನನ್ನು ಕೂಡಿಸಿ, ಕಾಯಿಸಿ, ಸೋಸಿ ಹದ ಮಾಡಿರುತ್ತಾರೆ. ಆದರೆ ಅಲ್ಲಿ ಹೂವಿನ ಗುರುತು ಅಳಿಸಿಹೋಗಿರುತ್ತದೆ.

ಈ ಗುರುತನ್ನು ಕಾಪಾಡುವ ಒಂದು ಪ್ರಯತ್ನ ನಮ್ಮ ನಾಡಿನಲ್ಲೇ ನಡೆದಿತ್ತು. 20ನೆಯ ಶತಮಾನದ ಎರಡನೆಯ ದಶಕದಲ್ಲಿ ನ್ಯೂಟನ್ ಎಂಬ ಕ್ರೈಸ್ತ ಪಾದ್ರಿ ದಕ್ಷಿಣ ಭಾರತದಲ್ಲಿ ತುಡುವೆಯ ಅಳತೆಗೆ ಹೊಂದುವ ಸಣ್ಣ ಪೆಟ್ಟಿಗೆ ರೂಪಿಸಿ ಜನರಿಗೆ ಕಲಿಸಿದರು. ‘ನ್ಯೂಟನ್ ಪೆಟ್ಟಿಗೆ’ ಎಂಬ ಮಾತು ಈಗಲೂ ಜೇನುಗಾರರ ಬಾಯಲ್ಲಿದೆ. 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ಜೇನುಸಾಕಣೆಯನ್ನು ಗುಡಿಕೈಗಾರಿಕೆಯಾಗಿ ಬೆಳೆಸಲು ಹೇಳಿತು. 1936ರಲ್ಲಿ ಕೊಡಗಿನ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತು. ಕಾಫಿ ತೋಟದ ಮನೆಯವರು ಮತ್ತು ಕೂಲಿಯವರು ತಂದ ಜೇನನ್ನು ಸಂಘ ಕೊಂಡು, ನೋಡಿ, ತನ್ನ ಹೆಸರಲ್ಲಿ ಮಾರಿತು. ‘ಕೊಡಗಿನ ಜೇನು’ ಎಂಬ ಹೆಸರೇ ಒಂದು ಖಾತರಿಯಾಯಿತು. ಮರುವರ್ಷವೇ, 1937ರಲ್ಲಿ, ಅಗ್‌ಮಾರ್ಕ್ ಮುದ್ರೆಗೆ ತಳಹದಿಯಾದ ಕಾನೂನು ಬಂತು. ಒಂದು ನಂಬಿಕೆ ಊರಿನ ಹೆಸರಲ್ಲಿ, ಇನ್ನೊಂದು ಸರ್ಕಾರದ ಮುದ್ರೆಯಲ್ಲಿ.

ಮುದ್ರೆ ಉಳಿಯಿತು, ಊರು ಸೋತಿತು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಹೊಕ್ಕಿತು. ಮರಿಗಳು ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದವು. ಬಹುಪಾಲು ಪೆಟ್ಟಿಗೆಗಳು ಖಾಲಿಯಾದವು. ಬೇಡಿಕೆ ಮಾತ್ರ ಖಾಲಿಯಾಗಲಿಲ್ಲ. ಮಡಿಕೇರಿಗೆ ಹೋದ ಪ್ರವಾಸಿಗೆ ‘ಕೊಡಗಿನ ಜೇನು’ ಬೇಕೇ ಬೇಕು. ಹುಳು ಕೊಡಲಾರದ್ದನ್ನು ಹೆಸರೊಂದೇ ಎಷ್ಟು ಕಾಲ ಕೊಡಲು ಸಾಧ್ಯ?

ಬೆರಕೆಯಿಂದ ಮೋಸಹೋಗುವವರು ಕೊಳ್ಳುವವರಷ್ಟೇ ಎಂದು ನಾವು ತಿಳಿದಿದ್ದೇವೆ. ಅಗ್ಗದ ಪಾಕ ಮಾರುಕಟ್ಟೆಗೆ ಬಂದಾಗ ಜೇನಿನ ಬೆಲೆ ಕುಸಿದು, ಪೆಟ್ಟಿಗೆ ಇಟ್ಟವನು ಅದನ್ನು ಅಟ್ಟಕ್ಕೆ ಹಾಕುತ್ತಾನೆ. ಪೆಟ್ಟಿಗೆಗಳು ಕಡಿಮೆಯಾದರೆ ಕಾಫಿ, ಏಲಕ್ಕಿ ಹೂಗಳಿಗೆ ಬರುವ ಹುಳುಗಳೂ ಕಡಿಮೆ. ಜೀವ ಪಣಕ್ಕಿಟ್ಟು ಹೆಜ್ಜೇನು ಕೀಳುವ ಆದಿವಾಸಿಗೆ ಸಿಗಬೇಕಾದ ಬೆಲೆಯೂ ಸಿಗದು.

ಹಾಗಾದರೆ ಕೊಳ್ಳುವುದು ಹೇಗೆ? ಈ ಓದು ನನಗೆ ಕಲಿಸಿದ್ದು ಕೆಲವು ಅಭ್ಯಾಸಗಳನ್ನು. ಗೊತ್ತಿರುವ ಜೇನುಗಾರರಿಂದ, ಅವರ ಸಹಕಾರ ಸಂಘದಿಂದ, ಕಾಡಂಚಿನ ಲ್ಯಾಂಪ್ಸ್ ಸೊಸೈಟಿಗಳಿಂದ ಕೊಳ್ಳುತ್ತೇನೆ. ಒಂದೇ ಸಲ ಐದು ಕೆಜಿ ಕೊಳ್ಳದೆ, ಹಂಗಾಮಿಗೊಮ್ಮೆ ಸ್ವಲ್ಪ ಸ್ವಲ್ಪ ಕೊಳ್ಳುತ್ತೇನೆ. ಸಕ್ಕರೆಯ ಬೆಲೆಗೆ ಹತ್ತಿರವಿರುವ ‘ಜೇನ’ನ್ನು ಮುಟ್ಟುವುದಿಲ್ಲ. ಸಾವಿರಾರು ಹೂವಿಗೆ ಹಾರಿ ಬಂದ ಹುಳುವಿನ ದುಡಿಮೆ ಆ ಬೆಲೆಗೆ ಗಿಟ್ಟುವುದಿಲ್ಲ. ಆದರೆ ದುಬಾರಿ ಎಂದ ಮಾತ್ರಕ್ಕೆ ನಂಬುವುದೂ ಇಲ್ಲ. ಚೀಟಿಯಲ್ಲಿ ಯಾವ ಊರಿನದು, ಯಾವ ತಿಂಗಳಲ್ಲಿ ತೆಗೆದದ್ದು ಎಂದಿದೆಯೇ ನೋಡುತ್ತೇನೆ. ಹರಳಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಸೀಸೆ ಇಟ್ಟು ಕರಗಿಸುತ್ತೇನೆ, ಒಲೆಯ ಮೇಲಿಡುವುದಿಲ್ಲ. ತೆಳುವಾದ ಕಾಡುಜೇನು ಬೇಗ ಹುಳಿ ಬರಬಹುದು, ಅದನ್ನು ಮೊದಲು ಬಳಸುತ್ತೇನೆ. ತೀರಾ ಅನುಮಾನ ಬಂದರೆ ಪ್ರಯೋಗಾಲಯವೇ ದಾರಿ. ಅಲ್ಲೂ ಯಾವ ಪರೀಕ್ಷೆ ಮಾಡಿದ್ದಾರೆ ಎಂದು ಕೇಳಬೇಕು, ಪಾಸೋ ಫೇಲೋ ಎಂದಷ್ಟೇ ಕೇಳಿದರೆ ಸಾಲದು.

ಮಾರುವವರೊಡನೆ ಮಾತಾಡುವಾಗ ‘ಇದು ಶುದ್ಧವೇ?’ ಎಂಬ ಪ್ರಶ್ನೆಯನ್ನು ನಾನು ಬಿಟ್ಟಿದ್ದೇನೆ. ಅದಕ್ಕೆ ಲೋಕದಲ್ಲೆಲ್ಲ ಒಂದೇ ಉತ್ತರ. ಅದರ ಬದಲು ಚರಕ, ಸುಶ್ರುತರ ಕಾಲದ ಪ್ರಶ್ನೆಗಳನ್ನೇ ಕೇಳುತ್ತೇನೆ: ಹೆಜ್ಜೇನೋ ತುಡುವೆಯೋ? ಯಾವ ಹೂವಿನ ಕಾಲದ್ದು? ಹಿಂಡಿದ್ದೋ ಯಂತ್ರದಲ್ಲಿ ತೆಗೆದದ್ದೋ? ಕಾಯಿಸಿದ್ದೀರಾ? ಜೇನು ಸಾಕುವವರಾದರೆ, ಕಾಡಿಗೆ ಹೋಗುವವರಾದರೆ, ಈ ಪ್ರಶ್ನೆ ಕೇಳಿದೊಡನೆ ಮುಖ ಅರಳಿ ಅರ್ಧ ಗಂಟೆ ಮಾತಾಡುತ್ತಾರೆ. ಈ ಸಲ ಮಳೆ ಬೇಗ ಬಂತು, ನೇರಳೆ ಹೂವು ಉದುರಿತು, ಅದಕ್ಕೇ ತುಪ್ಪ ಸ್ವಲ್ಪ ನೀರು, ಮುಂದಿನ ತಿಂಗಳು ಬನ್ನಿ ಸರ್ ಎನ್ನುತ್ತಾರೆ. ತನ್ನ ಸರಕು ಈ ಸಲ ಸುಮಾರಾಗಿದೆ ಎಂದು ತಾನೇ ಹೇಳುವ ಅಂಥವರ ಬಳಿ ನಾನು ಆ ನೀರುಜೇನನ್ನೇ ಒಂದು ಸೀಸೆ ತೆಗೆದುಕೊಳ್ಳುತ್ತೇನೆ.